ಬೆಳಗಿನ ಕಡುಬು ಮತ್ತು ಸಕ್ಕರೆ ಕಾಯಿಲೆ

ಪ್ರಶ್ನೆ: ನನಗೆ 56 ವರ್ಷ, ಅಡಿಕೆ ತೋಟವಿದೆ. ನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಖಾಲಿ ಹೊಟ್ಟೆಯಲ್ಲಿ 118 ಇರುವ ಸಕ್ಕರೆ ತಿಂಡಿ ತಿಂದ ಎರಡು ಗಂಟೆಯ ನಂತರ 240 ದಾಟುತ್ತದೆ. ರಾತ್ರಿ ಊಟದ ನಂತರ ಇಷ್ಟು ಏರುವುದಿಲ್ಲ. ನಮ್ಮಲ್ಲಿ ತಿಂಡಿಯೆಂದರೆ ಕಡುಬು, ಅಕ್ಕಿರೊಟ್ಟಿ, ನೀರುದೋಸೆ. ಮಳೆಗಾಲದಲ್ಲಿ ಬಿಸಿ ಕಡುಬು ಎದುರಿಗಿದ್ದರೆ ಎರಡಕ್ಕೆ ನಿಲ್ಲಿಸಲು ಆಗುವುದಿಲ್ಲ. ರಾಗಿಗೆ ಬದಲಾಯಿಸಿದರೆ ಸಾಕೇ, ಅಥವಾ ತಿಂಡಿಯನ್ನೇ ಬಿಡಬೇಕೇ?
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಿಂಡಿಯನ್ನು ಖಂಡಿತ ಬಿಡಬೇಡಿ. ಗ್ಲಿಮೆಪಿರೈಡ್ ಮಾತ್ರೆಯು ನೀವು ಉಂಡಿರಲಿ ಬಿಡಲಿ, ಇನ್ಸುಲಿನ್ ಹೊರಬರುವಂತೆ ಮಾಡುತ್ತದೆ. ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ತೋಟಕ್ಕಿಳಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಮೈ ಬೆವರುವುದು, ಕೈ ನಡುಗುವುದು, ಮಂಕು ಕವಿಯುವುದು ಆಗಬಹುದು. ಹಾಗಾದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿಕೊಳ್ಳಬೇಕು. ಒಬ್ಬರೇ ತೋಟಕ್ಕೆ ಹೋಗುವವರು ಕಿಸೆಯಲ್ಲಿ ಸ್ವಲ್ಪ ಸಕ್ಕರೆಯ ಪೊಟ್ಟಣ ಇಟ್ಟುಕೊಂಡೇ ಹೋಗಬೇಕೆಂಬುದು ನನ್ನ ಕಳಕಳಿಯ ಮಾತು.

ರಾತ್ರಿಗಿಂತ ಬೆಳಿಗ್ಗೆ ಸಕ್ಕರೆ ಹೆಚ್ಚು ಏರುವುದನ್ನು ನೀವು ಸರಿಯಾಗಿಯೇ ಗಮನಿಸಿದ್ದೀರಿ. ನಸುಕಿನಲ್ಲಿ ದೇಹವು ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳನ್ನು ಹೆಚ್ಚು ಸ್ರವಿಸುತ್ತದೆ; ಅವುಗಳ ಪ್ರಭಾವದಿಂದ ಯಕೃತ್ತು ತನ್ನಲ್ಲಿರುವ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ನಿನ ಕೆಲಸವೂ ಆ ಹೊತ್ತಿನಲ್ಲಿ ಮಂದವಾಗಿರುತ್ತದೆ. ಆದ್ದರಿಂದಲೇ ಅಷ್ಟೇ ಅಕ್ಕಿ ಬೆಳಗಿನ ತಟ್ಟೆಯಲ್ಲಿದ್ದರೆ ಹೆಚ್ಚು ತೊಂದರೆ ಕೊಡುತ್ತದೆ. ಒಂದು ಅಕ್ಕಿರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 40 ಗ್ರಾಂ ಪಿಷ್ಟವಿರುತ್ತದೆ. ಮೂರು ರೊಟ್ಟಿಯೆಂದರೆ 120 ಗ್ರಾಂ. ನುಣ್ಣಗೆ ರುಬ್ಬಿದಷ್ಟೂ ಪಿಷ್ಟ ಬೇಗ ಜೀರ್ಣವಾಗುವುದರಿಂದ ನೀರುದೋಸೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ತೆಳ್ಳಗಿದೆಯೆಂದು ಎಣಿಕೆ ತಪ್ಪುವುದು ಅದರಲ್ಲೇ ಹೆಚ್ಚು. ಸೊಪ್ಪಿನದೆಂದು ನಂಬಿ ತಿನ್ನುವ ಪತ್ರೊಡೆಯಲ್ಲಿಯೂ ಕೆಸುವಿನ ಎಲೆಗಿಂತ ಅಕ್ಕಿ ಹಿಟ್ಟೇ ಅಧಿಕ.

ರಾಗಿಯಲ್ಲಿ ನಾರು ಹೆಚ್ಚು ಎಂಬುದು ನಿಜ, ಆದರೆ ಅದರ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಹಿಟ್ಟನ್ನು ನೀರಿನಲ್ಲಿ ಕುದಿಸಿ ಗಂಜಿ ಮಾಡಿ ಕುಡಿದರೆ ಅದು ಅಗಿಯುವ ಶ್ರಮವೂ ಇಲ್ಲದೆ ಬೇಗ ರಕ್ತ ಸೇರುತ್ತದೆ. ಸೊಪ್ಪು, ಈರುಳ್ಳಿ ಧಾರಾಳವಾಗಿ ಹಾಕಿದ ಒಂದು ರಾಗಿರೊಟ್ಟಿ ಗಂಜಿಗಿಂತ ಮೇಲು. ಹಿಟ್ಟು ಬದಲಾಗಿ ಅಳತೆ ಹಾಗೆಯೇ ಉಳಿದರೆ ಮೀಟರಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಾರಿರಿ.

ಹಾಗಾದರೆ ಏನು ಮಾಡಬೇಕು? ಈಗ ನಿಮ್ಮ ತಟ್ಟೆಯಲ್ಲಿ ಕಡುಬು ಮುಖ್ಯವಾಗಿ, ಪಲ್ಯ ನಂಚಿಕೊಳ್ಳಲು ಇದೆ. ಇದನ್ನು ತಿರುವುಮುರುವು ಮಾಡಿ. ಮೊದಲು ಒಂದು ಬಟ್ಟಲು ಹೆಸರುಕಾಳಿನ ಉಸಲಿ ಅಥವಾ ಮೊಳಕೆ ಹುರುಳಿಯ ಪಲ್ಯ, ಅದರೊಂದಿಗೆ ಬಾಳೆದಿಂಡು, ಬಸಳೆ ಅಥವಾ ನೀರು ಬದಲಾಯಿಸುತ್ತ ನೆನೆಸಿ ಚೆನ್ನಾಗಿ ಬೇಯಿಸಿದ ಕಳಲೆ, ಒಂದೆಲಗದ ತಂಬುಳಿ, ಮೊಟ್ಟೆ ತಿನ್ನುವವರಾದರೆ ಎರಡು ಮೊಟ್ಟೆ. ಇವುಗಳನ್ನು ತಿಂದು ಮುಗಿಸಿದ ಮೇಲೆ ಒಂದು ಕಡುಬು. ತರಕಾರಿ, ಕಾಳುಗಳು ಮೊದಲು ಹೊಟ್ಟೆ ಸೇರಿದರೆ ಹೊಟ್ಟೆಯಿಂದ ಆಹಾರ ಕರುಳಿಗೆ ನಿಧಾನವಾಗಿ ಇಳಿಯುತ್ತದೆ ಮತ್ತು ಅದೇ ಕಡುಬಿಗೆ ಸಕ್ಕರೆ ಮೊದಲಿನಷ್ಟು ಏರುವುದಿಲ್ಲ. ವಾರಕ್ಕೆರಡು ದಿನ ಅಕ್ಕಿ ಸೇರಿಸದೆ ಹೆಸರುಕಾಳಿನ ದೋಸೆ ಮಾಡಿಸಿಕೊಳ್ಳಿ.

ಎರಡಕ್ಕೆ ನಿಲ್ಲಿಸಲು ಆಗುವುದಿಲ್ಲ ಎಂದು ಬರೆದಿದ್ದೀರಿ. ಇದನ್ನು ಮನಸ್ಸಿನ ದೌರ್ಬಲ್ಯವೆಂದು ಹಳಿದುಕೊಳ್ಳಬೇಡಿ. ಮಳೆಯಲ್ಲಿ ತೋಟ ಸುತ್ತಿ ಹಸಿದು ಬಂದವರ ಮುಂದೆ ಹಬೆಯಾಡುವ ಕಡುಬಿನ ಪಾತ್ರೆಯನ್ನಿಟ್ಟರೆ ಯಾರಿಗಾದರೂ ಕಷ್ಟ. ಪಾತ್ರೆ ಒಲೆಯ ಬಳಿಯೇ ಇರಲಿ, ತಟ್ಟೆಗೆ ಬಡಿಸಿಕೊಂಡು ಬಂದು ಕುಳಿತುಕೊಳ್ಳಿ. ನಿಮ್ಮೊಬ್ಬರಿಗೆ ಬೇರೆ ಅಡುಗೆ ಮಾಡುವ ಪದ್ಧತಿ ಹೆಚ್ಚು ದಿನ ನಡೆಯುವುದಿಲ್ಲ; ಉಸಲಿಯನ್ನು ಮನೆಯವರೆಲ್ಲರೂ ತಿನ್ನುವಂತಾಗಲಿ. ತಿಂಡಿಯ ನಂತರ ಹದಿನೈದು ನಿಮಿಷ ಅಂಗಳದಲ್ಲೋ ಜಗಲಿಯಲ್ಲೋ ನಡೆದಾಡಿ. ಕೆಲಸ ಮಾಡುವ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ.

ಎರಡು ವಾರ ಹೀಗೆ ಮಾಡಿ, ಮೊದಲ ತುತ್ತಿನಿಂದ ಲೆಕ್ಕ ಹಾಕಿ ಎರಡು ಗಂಟೆಗೆ ಪರೀಕ್ಷಿಸಿ, ತಿಂದದ್ದನ್ನೂ ಅಂಕಿಯನ್ನೂ ಬರೆದಿಡಿ. ಸಾಮಾನ್ಯವಾಗಿ 180ರೊಳಗೆ ಇರಬೇಕೆಂಬುದು ಗುರಿ. ಪಿಷ್ಟ ಕಡಿಮೆಯಾದಾಗ ಮಾತ್ರೆಯ ಪ್ರಮಾಣವೂ ಹೆಚ್ಚೆನಿಸಬಹುದಾದ್ದರಿಂದ ಈ ಬದಲಾವಣೆಯನ್ನು ಆರಂಭಿಸುವ ಮೊದಲೇ ನಿಮ್ಮ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ನಮ್ಮ ಅತ್ತೆಯವರು ಸಕ್ಕರೆ ಬಿಟ್ಟು, ದೋಸೆಗೆ ಜೋನಿಬೆಲ್ಲ ಹಚ್ಚಿಕೊಳ್ಳುತ್ತಾರೆ, ಕಷಾಯಕ್ಕೂ ಬೆಲ್ಲವನ್ನೇ ಹಾಕುತ್ತಾರೆ. ಮನೆಯಲ್ಲೇ ಕಾಯಿಸಿದ್ದಾದ್ದರಿಂದ ತೊಂದರೆಯಿಲ್ಲ ಎನ್ನುತ್ತಾರೆ. ಇದು ಸರಿಯೇ?
— ಓದುಗರು, ಸಾಗರ

ಉತ್ತರ: ಸರಿಯಲ್ಲ. ಜೋನಿಬೆಲ್ಲವೂ ಕಬ್ಬಿನ ಸಕ್ಕರೆಯೇ. ಅದರಲ್ಲಿರುವ ಅಲ್ಪಸ್ವಲ್ಪ ಖನಿಜಾಂಶಗಳು ರಕ್ತದ ಸಕ್ಕರೆ ಏರುವುದನ್ನು ತಡೆಯುವುದಿಲ್ಲ. ಜೇನುತುಪ್ಪಕ್ಕೂ ಇದೇ ಮಾತು. ಕಷಾಯದ ಜೀರಿಗೆ, ಕೊತ್ತಂಬರಿ, ಮೆಣಸುಗಳಿಗೆ ಬೆಲ್ಲವಿಲ್ಲದೆಯೂ ತಮ್ಮದೇ ರುಚಿಯಿದೆ, ಸ್ವಲ್ಪ ಹಾಲು ಸೇರಿಸಿ ಕೊಡಿ. ವಾರಕ್ಕಿಷ್ಟೆಂದು ಬೆಲ್ಲ ಕಡಿಮೆ ಮಾಡುತ್ತ ಬಂದರೆ ಹಿರಿಯರಿಗೆ ಒಪ್ಪಿಗೆಯಾಗುವ ಸಾಧ್ಯತೆ ಹೆಚ್ಚು. ದೋಸೆಗೆ ಬೆಲ್ಲದ ಬದಲು ಕಾಯಿಚಟ್ನಿಯೋ ತಂಬುಳಿಯೋ ಇರಲಿ.