ಮೆಮೊರಿ ಕಾರ್ಡ್ ಇಲ್ಲದೆ ಬರೀ ಕ್ಲೌಡ್ ನಂಬಿ ಅಡಿಕೆ ಅಂಗಳಕ್ಕೆ ಕ್ಯಾಮೆರಾ ಹಾಕುವವರಿಗೆ

ಕೊಪ್ಪದವರೇ, ಗುಂಪಿನಲ್ಲಿ ನೀವು ಹಾಕಿದ ಆರ್ಡರ್ ಲಿಸ್ಟಿನ ಫೋಟೋ ನೋಡಿದೆ. ಅಡಿಕೆ ಒಣಗಿಸುವ ಅಂಗಳಕ್ಕೆ ನಾಲ್ಕು ವೈಫೈ ಕ್ಯಾಮೆರಾ, ಸಿಮ್ ಹಾಕುವ ಒಂದು ರೂಟರ್, ನಾಲ್ಕಕ್ಕೂ ಒಂದು ವರ್ಷದ ಕ್ಲೌಡ್ ಪ್ಲಾನ್ (ವಿಡಿಯೊವನ್ನು ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿನಲ್ಲಿ ಇಡುವುದು). ಕೆಳಗೆ "ಕ್ಲೌಡ್ ಇದೆಯಲ್ಲ, ಮೆಮೊರಿ ಕಾರ್ಡಿನ ದುಡ್ಡು ಉಳೀತು" ಅಂತ ಬರೆದಿದ್ದೀರಿ. ಮಾರಾಯ್ರೆ, 2022ರಲ್ಲಿ ನಾನೂ ಮನೆಯಲ್ಲಿ ಇದೇ ಮಾತು ಹೇಳಿದ್ದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಬೈದಂತೆ ಕಂಡರೆ ಬೈದದ್ದೇ ಅಂತ ಇಟ್ಟುಕೊಳ್ಳಿ.

ನಮ್ಮದು ತೀರ್ಥಹಳ್ಳಿ ಕಡೆ. ಮನೆ ಮುಂದೆ ಬಿಸಿಲು ಸಾಲದು ಅಂತ ಅಪ್ಪ ಅಂಗಳವನ್ನು ಗುಡ್ಡದ ಬದಿಗೆ, ಮನೆಯಿಂದ 130 ಮೀಟರ್ ಆಚೆ ಮಾಡಿಸಿದ್ದರು. ಒಣಗಿದ ಅಡಿಕೆ ಮೂಟೆ ಕಟ್ಟಿ ಅಲ್ಲಿಯ ಶೆಡ್ಡಿನಲ್ಲೇ ಇಡುವುದು. ಆ ವರ್ಷ ಮೂರು ಕ್ಯಾಮೆರಾ ಹಾಕಿಸಿದೆ, ದಿನಕ್ಕೆ 2 ಜಿಬಿಯ ಒಂದು ಸಿಮ್, ಕ್ಲೌಡ್ ಪ್ಲಾನ್. ಕಾರ್ಡ್ ಇಲ್ಲ. ಮೊದಲ ಹದಿನೈದು ದಿನ ಬಹಳ ಖುಷಿ. ಪೇಟೆಯ ಅಡಿಕೆ ಮಂಡಿಯಲ್ಲಿ ಕೂತು ಅಂಗಳ ನೋಡುವುದು, ಪಕ್ಕದವರಿಗೆ ತೋರಿಸುವುದು, ಎಲ್ಲ ಆಯಿತು.

ಡಿಸೆಂಬರಿನಲ್ಲಿ ಊರಿನಲ್ಲಿ ಯಕ್ಷಗಾನ ಆಟ ಇತ್ತು. ಅಮ್ಮ ಒಬ್ಬರನ್ನು ಬಿಟ್ಟು ಮನೆಮಂದಿ ಎಲ್ಲ ಜೀಪ್ ಹತ್ತಿ ಹೋದೆವು. ಅಡಿಕೆ ಒಣಗಿಸಲು ಇದ್ದ ಹುಡುಗನೂ ಹಿಂದಿನ ಸೀಟಿನಲ್ಲಿ ಬಂದಿದ್ದ. ಅವನು ಮಲಗುತ್ತಿದ್ದದ್ದು ಶೆಡ್ಡಿನ ಪಕ್ಕದ ಕೋಣೆಯಲ್ಲಿ. ಹನ್ನೆರಡು ಗಂಟೆಗೆ ಎಲ್ಲರೂ ವಾಪಸ್. ಬೆಳಿಗ್ಗೆ ನೋಡಿದರೆ ಮೂರು ಮೂಟೆ ಇಲ್ಲ.

ಆಪ್ ತೆಗೆದೆ. ಸಂಜೆ 7ರ ಮೇಲೆ ಒಂದೇ ಒಂದು ವಿಡಿಯೊ ಇಲ್ಲ. ಹಗಲಿಡೀ ಟಾರ್ಪಾಲ್ ಗಾಳಿಗೆ ಪಟಪಟ ಹೊಡೆದದ್ದು, ನಾಯಿ ಓಡಾಡಿದ್ದು, ಆಳುಗಳು ಅಡಿಕೆ ಹರಡಿದ್ದು, ಎಲ್ಲವೂ 'ಚಲನೆ' ಅಂತ ಒಂದೊಂದೇ ಕ್ಲಿಪ್ ಆಗಿ ಮೇಲೆ ಹೋಗಿ 2 ಜಿಬಿ ಮುಗಿದಿತ್ತು. ಮುಗಿದ ಮೇಲೆ ಸ್ಪೀಡ್ 64 ಕೆಬಿಪಿಎಸ್. ಆ ಸ್ಪೀಡಿನಲ್ಲಿ 15 ಸೆಕೆಂಡಿನ ಒಂದು ಕ್ಲಿಪ್ ಹೋಗಲಿಕ್ಕೆ ನಾಲ್ಕು ನಿಮಿಷ ಬೇಕು. ಮೂರು ಕ್ಯಾಮೆರಾ ಒಟ್ಟಿಗೆ ತಳ್ಳಿದರೆ ಒಂದೂ ಹೋಗುವುದಿಲ್ಲ. ಹೇಗೋ ಒಂದೇ ಒಂದು ಸಣ್ಣ ಫೋಟೋ ನುಸುಳಿ ಬಂದಿತ್ತು. ಲುಂಗಿ ಎತ್ತಿ ಕಟ್ಟಿದ ಒಬ್ಬ, ತಲೆಗೆ ಟವೆಲ್, ಬೆನ್ನಿನ ಮೇಲೆ ಮೂಟೆ. ಮೂಲೆಯಲ್ಲಿ ಟೈಮ್ 01:20.

ಈಗ ನೀವೇ ಲೆಕ್ಕ ಹಾಕಿ. ಒಂದೂ ಇಪ್ಪತ್ತಕ್ಕೆ ನಾವೆಲ್ಲ ಮನೆಯಲ್ಲಿದ್ದೆವು. ಗೇಟಿಗೆ ಬೀಗ. ನಾಯಿ ಬೊಗಳಲಿಲ್ಲ. ಅಂದಮೇಲೆ ಒಳಗಿನವರೇ ಅಲ್ವಾ? ಆ ಹುಡುಗನನ್ನು ಒಂದೇ ದಿನ ಮೂರು ಸಲ ಕರೆದು ಕೇಳಿದೆ. ಮೂರನೇ ಸಲ ಕೇಳಿದ ರೀತಿ ಸರಿಯಿರಲಿಲ್ಲ. ಮರುದಿನ ಬೆಳಿಗ್ಗೆ ಬ್ಯಾಗ್ ಹಿಡಿದು ಊರಿಗೆ ಹೊರಟುಹೋದ. ಹೋದದ್ದನ್ನೂ ನಾನು ಸಾಕ್ಷಿ ಅಂತಲೇ ತಿಳಿದೆ.

ಎರಡು ದಿನ ಕಳೆದು ಸಂಜೆ ಫೋನ್ ಹಿಡಿದು ಕೂತಿದ್ದೆ. ದೀಪ ಹಚ್ಚಿ ಬಂದ ಅಮ್ಮ ಬಗ್ಗಿ ನೋಡಿದರು. "ಇನ್ನೂ ಏಳು ಗಂಟೆ ಆಗಲಿಲ್ಲ, ನಿನ್ನ ಕ್ಯಾಮೆರಾದಲ್ಲಿ ಒಂಬತ್ತು ಗಂಟೆ ತೋರಿಸ್ತದಲ್ಲೋ" ಅಂದರು. ಗೋಡೆಯ ಗಡಿಯಾರ 6:40. ಕ್ಯಾಮೆರಾ 9:10. ಸರಿಯಾಗಿ ಎರಡೂವರೆ ಗಂಟೆ ಮುಂದೆ.

ಕ್ಯಾಮೆರಾ ಚೀನಾದ ಟೈಮಿನಲ್ಲೇ ಇತ್ತು. ಜಿಎಂಟಿ +8. ನಮ್ಮದು +5:30. ಹಾಕಿದವನೂ ಬದಲಿಸಿರಲಿಲ್ಲ, ನಾನೂ ನೋಡಿರಲಿಲ್ಲ. ಅಂದರೆ ಮೂಟೆ ಹೋದದ್ದು ರಾತ್ರಿ 10:50ಕ್ಕೆ. ಆಗ ಆ ಹುಡುಗ ನನ್ನ ಪಕ್ಕದಲ್ಲಿ ಕೂತು ನೆಲಗಡಲೆ ತಿನ್ನುತ್ತಿದ್ದ. ಫೋನಿಗೆ ಬಂದ ನೋಟಿಫಿಕೇಶನ್ನಿನ ಹೊತ್ತು ನೋಡಿದ್ದರೂ ಸಾಕಿತ್ತು. ಅದನ್ನು ಬೆಳಿಗ್ಗೆ ಎದ್ದವನೇ ಎಲ್ಲದರ ಜೊತೆ ಒರೆಸಿ ಹಾಕಿದ್ದೆ. ಆಮೇಲೆ ಅವನಿಗೆ ಫೋನ್ ಮಾಡಿದೆ, ನಾಲ್ಕು ದಿನ ಎತ್ತಲಿಲ್ಲ. ಐದನೇ ದಿನ ಎತ್ತಿ "ಇರ್ಲಿ ಬಿಡಿ ಅಣ್ಣ" ಅಂದ, ಅಷ್ಟೇ. ಮುಂದಿನ ವರ್ಷ ಕೊಯ್ಲಿಗೆ ಬರಲಿಲ್ಲ. ಕಳುವಾದ ಅಡಿಕೆಯೂ ಸಿಗಲಿಲ್ಲ.

ಹಾಗಾಗಿ ಕ್ಯಾಮೆರಾ ಬಾಕ್ಸ್ ಒಡೆದ ಕೂಡಲೇ ಮೊದಲ ಕೆಲಸ ಟೈಮ್ ಝೋನ್. ಆಪಿನಲ್ಲಿ ಸರಿ ಕಂಡರೆ ಸಾಲದು, ವಿಡಿಯೊ ಮೇಲೆ ಅಚ್ಚಾಗುವ ಟೈಮ್ ನೋಡಿ. ಕರೆಂಟ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ ಮತ್ತೆ ನೋಡಿ. ಕೆಲವು ಕ್ಯಾಮೆರಾಗಳಿಗೆ ಇಂಟರ್ನೆಟ್ ಸಿಗದಿದ್ದರೆ ಹಳೇ ತಾರೀಕಿಗೆ ಹೋಗಿ ಕೂರುವ ಚಾಳಿ ಇದೆ.

ಎರಡನೆಯದು ನಿಮ್ಮ ಸಿಮ್. 1080ಪಿ (ಫುಲ್ ಎಚ್‌ಡಿ) ಕ್ಯಾಮೆರಾ, ವಿಡಿಯೊವನ್ನು ಹೆಚ್ಚು ಕುಗ್ಗಿಸುವ ಎಚ್.265 ವಿಧಾನದಲ್ಲಿ ಹೆಚ್ಚು ಕಡಿಮೆ 1 ಎಂಬಿಪಿಎಸ್ (ಸೆಕೆಂಡಿಗೆ ಹತ್ತು ಲಕ್ಷ ಬಿಟ್) ಕೇಳುತ್ತದೆ, ಹಳೇ ಎಚ್.264 ಆದರೆ ಅದರ ಎರಡರಷ್ಟು. 1 ಎಂಬಿಪಿಎಸ್ ಅಂದರೆ ದಿನಕ್ಕೆ 10.8 ಜಿಬಿ. ನಾಲ್ಕು ಕ್ಯಾಮೆರಾ ಇಡೀ ದಿನ ಮೇಲೆ ಕಳಿಸಿದರೆ 43 ಜಿಬಿ. ಯಾವ ಸಿಮ್ ತಡೆಯುತ್ತದೆ ಹೇಳಿ? ಅಂಗಡಿಯವನು ಸ್ಪೀಡ್ ಟೆಸ್ಟ್ ತೋರಿಸಿ "ನೋಡಿ, 40 ಬರ್ತಿದೆ" ಅನ್ನುತ್ತಾನೆ, ಅದು ಡೌನ್‌ಲೋಡ್. ನಮಗೆ ಬೇಕಾದದ್ದು ಅಪ್‌ಲೋಡ್. ಅಂಗಳದಲ್ಲೇ ನಿಂತು, ರಾತ್ರಿ 8 ಗಂಟೆಗೆ, ಊರವರೆಲ್ಲ ಫೋನ್ ಹಿಡಿದಿರುವ ಹೊತ್ತಿಗೆ ಟೆಸ್ಟ್ ಮಾಡಿ. ಬೆಳಿಗ್ಗೆ 6ಕ್ಕೆ ಮಾಡಿದ್ದು ಲೆಕ್ಕಕ್ಕಿಲ್ಲ. ನಿಮ್ಮಲ್ಲಿ ಕೇಬಲ್‌ನವರ ಮೂಲಕ ಬಿಎಸ್‌ಎನ್‌ಎಲ್ ಫೈಬರ್ ಬಂದಿದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಸಿಮ್ ಬೇಕೇ ಬೇಕು ಅಂದರೆ ಕ್ಲೌಡಿಗೆ ಮನುಷ್ಯರನ್ನು ಗುರುತಿಸಿದ ಕ್ಲಿಪ್ ಮಾತ್ರ ಹೋಗುವ ಹಾಗೆ ಇಟ್ಟುಕೊಳ್ಳಿ, ಟಾರ್ಪಾಲ್ ಇರುವ ಜಾಗಕ್ಕೆ ಆಪಿನಲ್ಲಿ ಗೆರೆ ಎಳೆದು 'ಚಲನೆ'ಯ ಲೆಕ್ಕದಿಂದ ಬಿಟ್ಟುಬಿಡಿ.

ಮೂರನೆಯದು ಕಾರ್ಡ್, ಇದಕ್ಕೇ ನಿಮ್ಮ ಮೇಲೆ ಸಿಟ್ಟು ಬಂದದ್ದು. ಕ್ಲೌಡ್ ಬೇಡ ಅನ್ನುತ್ತಿಲ್ಲ. ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಹೋಗುತ್ತದೆ, ಆಗ ಕ್ಲೌಡ್ ಒಂದೇ ಗತಿ. ಆದರೆ ನೆಟ್ ಇಲ್ಲದ ಹೊತ್ತಿಗೆ ಕಾರ್ಡ್ ಬಿಟ್ಟರೆ ಬೇರೆ ಇಲ್ಲ. 128 ಜಿಬಿ ಕಾರ್ಡಿನಲ್ಲಿ ಎಚ್.265 ಆದರೆ 11 ದಿನ ಕೂರುತ್ತದೆ. 'ಹೈ ಎಂಡ್ಯೂರೆನ್ಸ್' ಅಂತ ಬರೆದದ್ದೇ ತಗೊಳ್ಳಿ, ಫೋನಿನ ಹಳೇ ಕಾರ್ಡ್ ಹಾಕಬೇಡಿ, ದಿನವಿಡೀ ಬರೆದು ಅಳಿಸಿ ಬೇಗ ಸಾಯುತ್ತದೆ. ಸತ್ತದ್ದು ಗೊತ್ತೂ ಆಗುವುದಿಲ್ಲ, ಆಪಿನಲ್ಲಿ ಲೈವ್ ಚೆನ್ನಾಗಿಯೇ ಬರುತ್ತಿರುತ್ತದೆ. ನಾನು ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಹಿಂದಿನ ರಾತ್ರಿಯ ಒಂದು ವಿಡಿಯೊ ತೆಗೆದು ನೋಡುತ್ತೇನೆ. ತಾರೀಕು ಮರೆಯುತ್ತದೆ, ಅಮಾವಾಸ್ಯೆ ಮರೆಯಲು ಅಮ್ಮ ಬಿಡುವುದಿಲ್ಲ.

ನಾಲ್ಕು ಕ್ಯಾಮೆರಾ ಅಂದಮೇಲೆ ಎನ್‌ವಿಆರ್ (ಎಲ್ಲ ಕ್ಯಾಮೆರಾದ ವಿಡಿಯೊ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಉಳಿಸುವ ಡಬ್ಬಿ) ಇಡುವುದು ಇನ್ನೂ ಒಳ್ಳೆಯದು. 1 ಟಿಬಿಯಲ್ಲಿ ಮೂರು ವಾರ ಸಿಗುತ್ತದೆ. ಅದನ್ನು ಟಿವಿ ಪಕ್ಕ ಇಡಬೇಡಿ ಮಾರಾಯ್ರೆ, ಕಳ್ಳನಿಗೂ ಗೊತ್ತು ಅದು ಅಲ್ಲೇ ಇರುತ್ತದೆ ಅಂತ. ನಮ್ಮದು ಅಟ್ಟದ ಮೇಲೆ ಹಳೇ ಅಕ್ಕಿ ಪೆಟ್ಟಿಗೆಯ ಹಿಂದೆ ಇದೆ, ಗಾಳಿ ಆಡುತ್ತದೆ. ಆಮೇಲೆ ಕ್ಲೌಡ್ ಪ್ಲಾನ್ ಒಂದೇ ಕ್ಯಾಮೆರಾಕ್ಕೆ ಸಾಕು, ಶೆಡ್ಡಿನ ಬಾಗಿಲು ನೋಡುವುದಕ್ಕೆ. ಉಳಿದ ಮೂರಕ್ಕೆ ಕಟ್ಟುವ ದುಡ್ಡನ್ನು ಕಾರ್ಡಿಗೆ ಹಾಕಿ. 'ಒಂದು ತಿಂಗಳು ಫ್ರೀ' ಅಂತ ಯುಪಿಐ ಆಟೋಪೇ ಒತ್ತಿಸಿಕೊಳ್ಳುತ್ತಾರೆ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಈಗ ಫೈಬರ್ ವಿಷಯ. ಈ ಗುಂಪಿನಲ್ಲಿ ಕೆಲವರು "ಇವರದ್ದು ಮತ್ತೆ ಶುರುವಾಯ್ತು" ಅಂತ ನಗುವುದು ಗೊತ್ತು, ನಗಲಿ. ಆ ಕಳ್ಳತನ ಆದಮೇಲೆ ಸಿಮ್ ಬಿಟ್ಟು ಮನೆಗೆ ಫೈಬರ್ ತಂದೆ. ಅಲ್ಲಿಂದ ಅಂಗಳಕ್ಕೆ ಲ್ಯಾನ್ ಕೇಬಲ್ ಎಳೆಸಿದೆ. ಅದು 100 ಮೀಟರ್ ದಾಟಿದರೆ ನಂಬಲು ಬರುವುದಿಲ್ಲ, ಅದಕ್ಕೆ ಮಧ್ಯದಲ್ಲಿ ಪಂಪ್‌ಹೌಸಿನಲ್ಲಿ ಒಂದು ನೆಟ್‌ವರ್ಕ್ ಸ್ವಿಚ್ (ಸಿಗ್ನಲ್ ಪಡೆದು ಮುಂದಕ್ಕೆ ಕಳಿಸುವ ಡಬ್ಬಿ) ಇಟ್ಟೆ. ಏಪ್ರಿಲ್ ಗುಡುಗು ಮಳೆಗೆ ತೋಟದಲ್ಲಿ ಎಲ್ಲೋ ಸಿಡಿಲು ಬಿತ್ತು, ಮನೆ ಮೇಲೆ ಅಲ್ಲ. ಆದರೂ ಆ ತಾಮ್ರದ ಕೇಬಲ್ ಹಿಡಿದು ಬಂದು ಸ್ವಿಚ್, ಎರಡು ಕ್ಯಾಮೆರಾ, ಮನೆಯ ರೂಟರ್, ಕೊನೆಗೆ ಟಿವಿ ಎಲ್ಲವನ್ನೂ ಸುಟ್ಟಿತು. ಮನೆ ಪೂರ್ತಿ ಸುಟ್ಟ ವಾಸನೆ. ಅವತ್ತಿನಿಂದ ಮನೆಗೂ ಅಂಗಳಕ್ಕೂ ಮಧ್ಯೆ ತಾಮ್ರ ಇಲ್ಲ. ಕೇಬಲ್ ಟಿವಿಯವರು ಎಳೆಯುತ್ತಾರಲ್ಲ, ಆ ಕಪ್ಪು ಫೈಬರ್ ಡ್ರಾಪ್ ಕೇಬಲ್ ಹಾಕಿಸಿದೆ, ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ಸಿಗ್ನಲ್ ಮಾಡುವ ಡಬ್ಬಿ). ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, 130 ಅಲ್ಲ, ಒಂದು ಕಿಲೋಮೀಟರ್ ಆದರೂ ಚಿಂತೆ ಇಲ್ಲ. ಒಂದು ಎಚ್ಚರ. ಆ ಕೇಬಲ್ ಜೊತೆ ಜೋತು ಹಾಕಲು ಒಂದು ಸ್ಟೀಲ್ ತಂತಿ ಅಂಟಿರುತ್ತದೆ. ಅದು ಕರೆಂಟ್ ಹರಿಸುತ್ತದೆ. ಗೋಡೆ ಹೊರಗೇ ಸೀಳಿ ಕತ್ತರಿಸಿ ನಿಲ್ಲಿಸಿ, ಒಳಗೆ ತರಬೇಡಿ. ನಮ್ಮ ಕೇಬಲ್ ಹುಡುಗನಿಗೆ ಇದು ಹೇಳಿದಾಗ ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. ನೆಲದಲ್ಲಿ ಹೂಳುವುದಾದರೆ ಪೈಪಿನೊಳಗೆ ಹಾಕಿ, ಹಂದಿ ಕೆದಕುತ್ತದೆ, ಹೆಗ್ಗಣ ಕಡಿಯುತ್ತದೆ.

ಶೆಡ್ಡಿನ ಕರೆಂಟಿಗೆ ಅರ್ತಿಂಗ್, ಏರು ವೋಲ್ಟೇಜ್ ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್ ಬೇಕೇ ಬೇಕು, ಸಿಡಿಲಿಗೆ ಅದೊಂದು ದಾರಿ ಉಳಿದಿರುತ್ತದೆ. ಪಂಪಿನ ಲೈನಿನಿಂದ ಕ್ಯಾಮೆರಾಕ್ಕೆ ಕರೆಂಟ್ ಕೊಡಬೇಡಿ. ಪಂಪಿಗೆ ದಿನಕ್ಕೆ ಏಳು ಗಂಟೆ ಕಾಲ ತ್ರೀ ಫೇಸ್ ಕರೆಂಟ್ ಅಂತಾರೆ, ಯಾವ ಏಳು ಗಂಟೆ ಅಂತ ಯಾರಿಗೆ ಗೊತ್ತು. ನಾನು ಮನೆಯ ಹಳೇ ಇನ್ವರ್ಟರನ್ನು ಶೆಡ್ಡಿಗೆ ಸಾಗಿಸಿದೆ. ಮನೆಯ ರೂಟರ್, ಫೈಬರ್ ಡಬ್ಬಿಯೂ ಇನ್ವರ್ಟರ್ ಮೇಲೆ ಇರಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ. ಕರೆಂಟ್ ಹೋದಾಗ ಕ್ಯಾಮೆರಾ ಎದ್ದಿರುತ್ತದೆ, ನೆಟ್ ಮಲಗಿರುತ್ತದೆ.

ಬ್ರ್ಯಾಂಡ್ ಕೇಳಿದ್ದೀರಿ. ನನ್ನ ಮೊದಲ ಮೂರು ಯಾವ ಕಂಪನಿಯದು ಅಂತ ಹೇಳುವುದಿಲ್ಲ, ತಪ್ಪು ಅರ್ಧ ನನ್ನದೇ. ಈಗ ಮನೆ ಸುತ್ತ ಟಿಪಿ-ಲಿಂಕ್ ಕಂಪನಿಯ ಟಾಪೊ ಇದೆ. ಕಾರ್ಡ್ ಹಾಕಬಹುದು, ಆರ್‌ಟಿಎಸ್‌ಪಿ (ಬೇರೆ ಕಂಪನಿಯ ಡಬ್ಬಿಗೂ ವಿಡಿಯೊ ಕಳಿಸುವ ವಿಧಾನ) ಕೊಡುತ್ತದೆ, ಹಾಗಾಗಿ ನಾಳೆ ಬೇರೆ ಎನ್‌ವಿಆರ್ ತಂದರೂ ಸೇರುತ್ತದೆ. ಬ್ಯಾಟರಿಯದು ಬೇಡ, ಅದರಲ್ಲಿ ಸಾಮಾನ್ಯವಾಗಿ ಆರ್‌ಟಿಎಸ್‌ಪಿ ಇರುವುದಿಲ್ಲ. ಅಂಗಳದಲ್ಲಿ ಸಿಪಿ ಪ್ಲಸ್, ಕಾರಣ ಒಂದೇ, ರಿಪೇರಿ ಮಾಡುವವರು ಪೇಟೆಯಲ್ಲೇ ಸಿಗುತ್ತಾರೆ. ಬಲ್ಬ್ ಹೋಲ್ಡರಿಗೆ ತಿರುಗಿಸುವ ಹೆಸರಿಲ್ಲದ ಕ್ಯಾಮೆರಾವನ್ನು ಪುಕ್ಕಟೆ ಕೊಟ್ಟರೂ ಬೇಡ. 2025ರ ಏಪ್ರಿಲ್‌ನಿಂದ ಸಿಸಿಟಿವಿಗಳಿಗೆ ಸರ್ಕಾರದ ಸುರಕ್ಷತಾ ಪರೀಕ್ಷೆ ಕಡ್ಡಾಯ ಆಗಿದೆ. ಎಸ್‌ಟಿಕ್ಯೂಸಿ (ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ) ಸರ್ಟಿಫಿಕೇಟ್ ಇದೆಯಾ ಅಂತ ಕೇಳಿ ತಗೊಳ್ಳಿ, ಹಳೇ ಸ್ಟಾಕ್ ಅರ್ಧ ರೇಟಿಗೆ ಅಂದರೆ ಅನುಮಾನ ಪಡಿ.

ಇನ್ನೊಂದು, ಹಾಕಲು ಬಂದ ಹುಡುಗ ಅವನ ಮೇಲ್ ಐಡಿಯಲ್ಲೇ ಆಪ್ ಅಕೌಂಟ್ ತೆರೆದು ನಿಮಗೆ 'ಶೇರ್' ಕೊಟ್ಟು ಹೋಗುತ್ತಾನೆ. ಕೆಟ್ಟ ಬುದ್ಧಿಯಿಂದ ಅಂತಲ್ಲ, ಬೇಗ ಮುಗಿಯಲಿ ಅಂತ. ಆದರೆ ಆಗ ನಿಮ್ಮ ಮನೆಯ ಯಜಮಾನ ಅವನು. ಅಕೌಂಟ್ ನಿಮ್ಮ ನಂಬರಿನಲ್ಲಿರಲಿ, ಅವನಿಗೆ ಬೇಕಿದ್ದರೆ ನೀವು ಶೇರ್ ಕೊಡಿ, ಕೆಲಸ ಮುಗಿದ ಮೇಲೆ ತೆಗೆಯಿರಿ. ಎನ್‌ವಿಆರ್ ಪಾಸ್‌ವರ್ಡ್ ಅಡ್ಮಿನ್ 12345 ಇಟ್ಟು ಬಿಡಬೇಡಿ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳಿಗೆ ಹೊಕ್ಕಿದ್ದು ಇಂಥ ಪಾಸ್‌ವರ್ಡ್ ಹಿಡಿದೇ.

ಪೊಲೀಸ್ ಸ್ಟೇಷನ್ನಿಗೆ ಹೋಗುವ ಪ್ರಸಂಗ ಬಂದರೆ ಫೋನಿನ ಪರದೆಯನ್ನು ಇನ್ನೊಂದು ಫೋನಿನಲ್ಲಿ ಶೂಟ್ ಮಾಡಿ ವಾಟ್ಸಾಪಿಗೆ ಹಾಕಿದ್ದು ನಡೆಯುವುದಿಲ್ಲ. ಆಪಿನಿಂದ ಮೂಲ ವಿಡಿಯೊ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಕ್ಲೌಡಿನಲ್ಲಿ ಏಳೋ ಮೂವತ್ತೋ ದಿನಕ್ಕೆ ತಾನಾಗಿ ಅಳಿಸುತ್ತದೆ. ಕಾರ್ಡ್ ತೆಗೆದು ಹಾಗೇ ಎತ್ತಿಡಿ. ಕೋರ್ಟಿಗೆ ಹೋದರೆ ಆ ವಿಡಿಯೊಗೆ ಸರ್ಟಿಫಿಕೇಟ್ ಬೇಕು, ಮೊದಲು ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಅನ್ನುತ್ತಿದ್ದರು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಟೈಮ್ ತಪ್ಪಿದ್ದರೆ ಅಲ್ಲೂ ನನ್ನ ಕಥೆಯೇ.

ಉಳಿದ ಚಿಲ್ಲರೆ. ರಾತ್ರಿ ಕ್ಯಾಮೆರಾ ಹತ್ತಿರ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಬಲೆ ಕಟ್ಟಿದರೆ ಐಆರ್ (ಕತ್ತಲಲ್ಲಿ ನೋಡಲು ಕ್ಯಾಮೆರಾ ಬಿಡುವ, ಕಣ್ಣಿಗೆ ಕಾಣದ ಬೆಳಕು) ಅದಕ್ಕೆ ಬಡಿದು ಪರದೆ ಪೂರ್ತಿ ಬೆಳ್ಳಗೆ. ಕ್ಯಾಮೆರಾದ ಐಆರ್ ಆಫ್ ಮಾಡಿ ಎರಡು ಮೀಟರ್ ಆಚೆ ಬೇರೆ ಐಆರ್ ದೀಪ ಹಾಕಿದರೆ ಬಲೆ ಅಷ್ಟು ಹೊಳೆಯುವುದಿಲ್ಲ. ಮಂಗ ಕ್ಯಾಮೆರಾ ತಿರುಚುತ್ತದೆ, ಗುಮ್ಮಟದ ಆಕಾರದ ಡೋಮ್ ಕ್ಯಾಮೆರಾ ಆದರೆ ಹಿಡಿತ ಸಿಗುವುದಿಲ್ಲ. ಐಪಿ67 (ಧೂಳು, ನೀರು ಒಳಹೋಗದು ಅನ್ನುವ ಗುರುತು) ಅನ್ನುವುದು ಕ್ಯಾಮೆರಾಕ್ಕೆ, ಬಾಲದಂತೆ ನೇತಾಡುವ ವೈರ್ ಜಾಯಿಂಟಿಗೆ ಅಲ್ಲ. ಅದನ್ನು ಜಂಕ್ಷನ್ ಬಾಕ್ಸಿನೊಳಗೆ ತುರುಕಿ, ವೈರ್ ಕೆಳಗಿನಿಂದ ಒಳಹೋಗಲಿ. ಪಕ್ಕದ ಮನೆಯ ಬಚ್ಚಲಿನ ಕಡೆಗೆ ಮುಖ ಇದ್ದರೆ ಅದನ್ನು ಇವತ್ತೇ ತಿರುಗಿಸಿ. ಮತ್ತೆ ಎಲ್ಲರೂ ಮದುವೆಗೋ ಆಟಕ್ಕೋ ಹೊರಡುವ ದಿನ ಅಲಾರಂ ಶಬ್ದ ಆನ್ ಮಾಡಿ, ಫೋನ್ ಸೈಲೆಂಟ್ ಮಾಡಬೇಡಿ.

ಆರ್ಡರ್ ಇನ್ನೂ ಹೊರಟಿಲ್ಲ ಅಂತ ಬರೆದಿದ್ದೀರಿ. ಮೂರು ಕ್ಲೌಡ್ ಪ್ಲಾನ್ ತೆಗೆದು ನಾಲ್ಕು ಕಾರ್ಡ್ ಸೇರಿಸಿ. ಅಂಗಳ ಮನೆಯಿಂದ ಎಷ್ಟು ಮೀಟರ್ ಅಂತ ಹೇಳಿ, ನನ್ನ ಹತ್ತಿರ ಉಳಿದ ಡ್ರಾಪ್ ಕೇಬಲ್ 60 ಮೀಟರ್ ಸುರುಳಿ ಇದೆ, ಆ ಕಡೆ ಬಂದಾಗ ತಂದುಕೊಡುತ್ತೇನೆ.