ಪ್ರತಿಕ್ರಿಯೆ: ಶೇ ಎಂಜಿನ್ನಿನ ಬಾಯ್ಲರ್ ಎಡಕ್ಕೆ ಸರಿದಿರುವುದೇಕೆ?

ಶೇ ಎಂಬ ಹಳೆಯ ಉಗಿ ರೈಲು ಎಂಜಿನ್ನಿನ ಚಿತ್ರದಲ್ಲಿ, ಉಗಿ ಹುಟ್ಟಿಸುವ ಬಾಯ್ಲರ್ ಎಡಕ್ಕೆ ಸರಿದಂತೆ ಕಾಣುವುದು ಕ್ಯಾಮೆರಾದ ದೋಷವೇ ಎಂದು ಕೇಳಿದ್ದೀರಿ. ಅಲ್ಲ, ಬೇಕೆಂದೇ ಹಾಗೆ ಕೂರಿಸಿದ್ದು. ಶೇ ಎಂಜಿನ್ನಿನ ಎರಡೋ ಮೂರೋ ಸಿಲಿಂಡರುಗಳು ಬಲಬದಿಯಲ್ಲೇ ನೆಟ್ಟಗೆ ನಿಂತಿರುತ್ತವೆ. ಆ ಭಾರವನ್ನು ಸರಿದೂಗಿಸಬೇಕಲ್ಲ!

1881ರಲ್ಲಿ ಈ ಎಂಜಿನ್ನಿಗೆ ಪೇಟೆಂಟ್ ಪಡೆದ ಎಫ್ರೈಮ್ ಶೇ ಅಮೆರಿಕದ ಮಿಷಿಗನ್‌ನಲ್ಲಿ ಮರ ಕಡಿಸುತ್ತಿದ್ದವರು. ದಿಮ್ಮಿ ಸಾಗಿಸುವ ಕಾಡಿನ ಹಳಿಗಳೆಂದರೆ ಅವಸರದಲ್ಲಿ ಹಾಸಿ, ಮರ ಮುಗಿದ ಮೇಲೆ ಕಿತ್ತು ಒಯ್ಯುವಂಥವು. ಕಡಿದಾದ ಏರು, ಬಿಗಿಯಾದ ತಿರುವು. ಸಾಮಾನ್ಯ ಎಂಜಿನ್ನುಗಳ ಚಕ್ರ ಅಲ್ಲಿ ಜಾರುತ್ತಿದ್ದವು. ಶೇಯಲ್ಲಿ ಸಿಲಿಂಡರುಗಳು ಬಲಬದಿಯ ಉದ್ದನೆಯ ದಂಡವನ್ನು ತಿರುಗಿಸುತ್ತವೆ, ಅದು ಹಲ್ಲುಚಕ್ರಗಳ ಮೂಲಕ ಪ್ರತಿಯೊಂದು ಅಚ್ಚನ್ನೂ ತಿರುಗಿಸುತ್ತದೆ. ಹಾಗಾಗಿ ಎಂಜಿನ್ನಿನ ಪೂರ್ತಿ ತೂಕ ಎಳೆತಕ್ಕೆ ಒದಗುತ್ತದೆ. ತಿರುವು ಬಂದಾಗ ದಂಡದ ಕೀಲುಗಳು ಬಾಗುತ್ತವೆ, ಒಂದರೊಳಗೊಂದು ಜರುಗಿ ಉದ್ದ ಹೊಂದಿಸಿಕೊಳ್ಳುತ್ತವೆ. ಇಡೀ ಯಂತ್ರದಲ್ಲಿ ನನಗೆ ಅತಿ ಇಷ್ಟವಾದದ್ದು ಆ ಕೀಲುಗಳೇ. ವೇಗ ಮಾತ್ರ ಬಹಳ ಕಡಿಮೆ.

ಶೇಗಳನ್ನು ತಯಾರಿಸುತ್ತಿದ್ದ ಅಮೆರಿಕದ ಲೈಮಾ ಕಾರ್ಖಾನೆ 1945ರಲ್ಲಿ ಕಟ್ಟಿದ ಕೊನೆಯ ಶೇ ಈಗ ವೆಸ್ಟ್ ವರ್ಜೀನಿಯಾದ ಕ್ಯಾಸ್‌ನಲ್ಲಿದೆ. ಅದರ ವಿಡಿಯೊ ಹುಡುಕುವುದಾದರೆ ಬಲಬದಿಯಿಂದ ತೆಗೆದದ್ದನ್ನೇ ನೋಡಿ, ಕೆಲಸವೆಲ್ಲ ಆ ಕಡೆಯೇ ನಡೆಯುವುದು.