ಆಗುಂಬೆ ಹುಡುಗನಿಗೆ ‘ಸೂರ್ಯ’ ಬರೆಯೋಕೆ ಬರ್ತಿರ್ಲಿಲ್ಲ

ಸರ್, ಟ್ರಾನ್ಸ್‌ಫರ್ ಆಗಿ ತೀರ್ಥಹಳ್ಳಿ ಕಡೆ ಬರ್ತಿದೀವಿ, ಮಗ ಮೂರನೇ ಕ್ಲಾಸು, ಓದೋದ್ರಲ್ಲಿ ಹಿಂದೆ ಇದಾನೆ, ಅಲ್ಲಿ ಮಳೆ ರಜೆ ಬೇರೆ ಜಾಸ್ತಿಯಂತೆ, ಇನ್ನೂ ಹಿಂದೆ ಬೀಳ್ತಾನಾ ಅಂತ ಕೇಳಿದ್ರಲ್ಲ, ನಾನು ನಂದೇ ಕಥೆ ಹೇಳ್ಬಿಡ್ತೀನಿ. ನಾನೂ ಅಂಥ ಹುಡುಗನೇ.

ನಮ್ಮೂರು ಆಗುಂಬೆ ಹತ್ರ. ಶಿವಮೊಗ್ಗ ಜಿಲ್ಲೆ ಇಲ್ಲಿಗೆ ಮುಗೀತು, ಘಾಟಿಯ ಹದಿನಾಲ್ಕು ತಿರುವು ಇಳಿದ್ರೆ ಸೋಮೇಶ್ವರ, ಹೆಬ್ರಿ, ಅದು ಉಡುಪಿ ಜಿಲ್ಲೆ. ಹಾಗಾಗಿ ಇಲ್ಲಿ ತುಳು, ಕೊಂಕಣಿ, ಕುಂದಾಪುರದ ಕನ್ನಡ ಎಲ್ಲಾನೂ ಕಿವಿಗೆ ಬೀಳುತ್ತೆ. ನಮ್ಮನೇಲಿ ತುಳು, ಶಾಲೇಲಿ ಕನ್ನಡ. ಮನೆ ಭಾಷೆ ಬೇರೆ, ಅದಕ್ಕೇ ಇವನಿಗೆ ಅಕ್ಷರ ಹತ್ತಲ್ಲ ಅಂತಿದ್ರು ಎಲ್ರೂ. ಆದ್ರೆ ನನ್ ತಮ್ಮನೂ ಅದೇ ಮನೆಯವನು, ಅವನು ಎರಡನೇ ಕ್ಲಾಸಲ್ಲೇ ಪೇಪರ್ ಓದ್ತಿದ್ದ ಮಾರಾಯ್ರೆ.

ಮಳೆ ವಿಷಯ ನಿಜಾನೇ. ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಬೀಳೋ ಊರು, ಹಳ್ಳ ಉಕ್ಕಿದ್ರೆ ಕಾಲುಸಂಕ, ಅಂದ್ರೆ ನಡ್ಕೊಂಡು ಹೋಗೋ ಸಣ್ಣ ಸೇತುವೆ, ದಾಟೋ ಹಾಗಿಲ್ಲ, ರಜೆನೇ. ಆಮೇಲೆ ಶನಿವಾರ ಮಧ್ಯಾಹ್ನ ಕ್ಲಾಸ್ ಮಾಡಿ ಸರಿ ಮಾಡ್ಕೊತಾರೆ. ಅದರಿಂದ ಯಾರೂ ಹಾಳಾಗಿದ್ದು ನಾ ಕಾಣೆ.

ನನ್ನ ಕಷ್ಟ ಬೇರೆ ಇತ್ತು. ಪ, ವ, ಷ ಮೂರೂ ಒಂದೇ ಥರ ಕಾಣೋವು. ದ ಬರೆದು ಹೊಟ್ಟೆ ಸೀಳಿದ್ರೆ ಧ, ಚುಕ್ಕಿ ಇಟ್ರೆ ಥ, ನಂಗೆ ಯಾವಾಗ್ಲೂ ತಪ್ಪು. ಕಾಗುಣಿತ ಬಾಯಲ್ಲಿ ಗಡಗಡ ಹೇಳ್ತಿದ್ದೆ, ಪುಸ್ತಕ ತೆಗೆದ್ರೆ ಕೆ ಯಾವುದು ಕೇ ಯಾವುದು ಗೊತ್ತಾಗ್ತಿರ್ಲಿಲ್ಲ. ಎಲ್ಲಕ್ಕಿಂತ ಕಷ್ಟ ಅರ್ಕಾವತ್ತು. ಬಾಯಲ್ಲಿ ರ್ ಮೊದಲು ಬರುತ್ತೆ, ಬರೆಯೋದು ಮಾತ್ರ ಕೊನೇಲಿ. ಸೂರ್ಯ ಮುಳುಗೋದು ನೋಡೋಕೆ ಎಲ್ಲೆಲ್ಲಿಂದ್ಲೋ ಜನ ನಮ್ಮೂರಿಗೆ ಬರ್ತಾರೆ, ಆ ಸೂರ್ಯನ್ನ ಬರೆಯೋಕೆ ನಂಗೆ ಐದನೇ ಕ್ಲಾಸ್ ಮುಗಿದ್ರೂ ಬರ್ಲಿಲ್ಲ. ದಡ್ಡ ಅಂತ ಹಿಂದಿನ ಬೆಂಚಿಗೆ ಕೂರಿಸಿದ್ರು. ಅದೇ ಟೈಮಲ್ಲಿ ಅಪ್ಪ ಔಷಧಿ ಹೊಡೆಯೋಕೆ ಹತ್ತಿದ್ದ ಅಡಿಕೆ ಮರದಿಂದ ಬಿದ್ದು ಸೊಂಟ ಹೋಯ್ತು, ಅಮ್ಮ ರಾತ್ರಿ ಮೆಟ್ಟುಗತ್ತಿ ಇಟ್ಕೊಂಡು ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿಯೋಳು, ಪಕ್ಕದಲ್ಲಿ ನಾನೂ. ಅಡಿಕೆಗೆ ಹೊಡೆಯೋ ಆ ಔಷಧಿಗೆ ಬೋರ್ಡೋ ಅಂತಾರೆ, ಅದಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಡ್ರಮ್ಮು ಎಷ್ಟೇ ಇರ್ಲಿ ಲೆಕ್ಕ ಬಾಯಲ್ಲೇ ಹೇಳ್ತಿದ್ದೆ. ಆದ್ರೂ ನಾನು ದಡ್ಡ ಅಂತ ನಾನೇ ನಂಬಿದ್ದೆ, ಅದು ಈಗ್ಲೂ ನೋವಾಗುತ್ತೆ.

ಆರನೇ ಕ್ಲಾಸಿಗೆ ಹೊಸ ಅಕ್ಕೋರು, ಅಂದ್ರೆ ಟೀಚರ್, ಬಂದ್ರು. ನಾನು ಲೆಕ್ಕ ಹೇಳೋದು ಕೇಳಿ, ಇವನಿಗೆ ತಲೆ ಇದೆ, ಕಣ್ಣಿಂದ ಅಕ್ಷರ ಒಳಗೆ ಹೋಗ್ತಿಲ್ಲ, ಕೈಯಿಂದ ಕಳಿಸೋಣ ಅಂದ್ರು. ಅಡಿಕೆ ಹಾಳೆ, ಅಂದ್ರೆ ಮರದಿಂದ ಬೀಳೋ ಸೋಗೆಯ ಅಗಲ ಬುಡ, ತರೋಕೆ ಹೇಳಿ ಅದರ ಮೇಲೆ ಮೊಳೆಯಿಂದ ಅಕ್ಷರ ಕೊರೆದ್ರು, ನಾನು ಕಣ್ಮುಚ್ಚಿ ಆ ಗೀರಿನ ಮೇಲೆ ಬೆರಳು ಓಡಿಸ್ತಾ ಜೋರಾಗಿ ಹೇಳ್ಬೇಕು. ದಿನಕ್ಕೆ ಒಂದೇ ಅಕ್ಷರ. ಒತ್ತಕ್ಷರಕ್ಕೆ ಹುಣಸೆ ಬೀಜ ಇಡೋರು, ಸೂ ಒಂದು, ರ್ ಒಂದು, ಯ ಒಂದು, ಆಮೇಲೆ ರ್ ಬೀಜ ಎತ್ತಿ ಕೊನೆಗೆ ಇಡು ಅನ್ನೋರು. ಮೂರು ತಿಂಗಳು ಹೀಗೇ ಹೋಯ್ತು, ಒಂದಿನ ಬೋರ್ಡ್ ಮೇಲೆ ನಾನೇ ಸೂರ್ಯ ಬರೆದೆ. ಅಕ್ಕೋರು ಏನೂ ಹೇಳ್ಲಿಲ್ಲ, ನನ್ ಸ್ಲೇಟು ತಗೊಂಡು ಹೋಗಿ ಮುಂದಿನ ಬೆಂಚಲ್ಲಿ ಇಟ್ರು.

ಅಷ್ಟಕ್ಕೇ ಎಲ್ಲ ಸರಿ ಹೋಗ್ಲಿಲ್ಲ. ಎಸ್‌ಎಸ್‌ಎಲ್‌ಸಿ ಎರಡು ಸಬ್ಜೆಕ್ಟ್ ಹೋಯ್ತು, ಸಪ್ಲಿಮೆಂಟರಿ ಕಟ್ಟಿ ಪಾಸಾದೆ, ಐಟಿಐ ಫಿಟ್ಟರ್ ಮಾಡ್ದೆ. ಈಗ ಅಡಿಕೆ ಸುಲಿಯೋ ಮಷಿನ್ ರಿಪೇರಿ ಮಾಡ್ತೀನಿ, ಸೀಸನ್ನಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಶುರುವಲ್ಲಿ ಬಿಲ್ ಬರೆಯೋಕೆ ಹೆದರಿ ತಮ್ಮನ್ನ ಕರ್ಕೊಂಡು ಹೋಗ್ತಿದ್ದೆ. ಈಗ ಗಿರಾಕಿ ಎದುರಿಗೇ ಕೂತು ನಾನೇ ಬರೀತೀನಿ, ನಿಧಾನ ಆಗುತ್ತೆ, ಅವರು ಕಾಯ್ತಾರೆ.

ನನ್ ಅಕ್ಕನ ಮಗನಿಗೂ ಇದೇ ಥರ ಇದೆ. ಅವನಿಗೆ ಪರೀಕ್ಷೆ ಮಾಡಿಸಿದಾಗ್ಲೇ ಇದಕ್ಕೆ ಡಿಸ್ಲೆಕ್ಸಿಯಾ ಅಂತ ಹೆಸರಿದೆ ಅಂತ ನಂಗೆ ಗೊತ್ತಾಗಿದ್ದು, ಆ ರಾತ್ರಿ ನಾನು ಅತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಕಲಿಕಾ ನ್ಯೂನತೆನೂ ಸೇರಿದೆ, ಸರ್ಟಿಫಿಕೇಟ್ ಇದ್ರೆ ಎಸ್‌ಎಸ್‌ಎಲ್‌ಸಿಲಿ ಹೆಚ್ಚಿನ ಟೈಮ್ ಕೇಳ್ಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡರಲ್ಲೂ ನೋಡ್ತಾರೆ, ನೀವು ಈ ಕಡೆ ಬರೋಕೆ ಮುಂಚೆನೇ ಒಮ್ಮೆ ತೋರಿಸ್ಕೊಂಡು ಬನ್ನಿ, ಇಲ್ಲಿಂದ ಹೋಗೋದು ದೂರ. ಶಾಲೆ ಸೇರಿಸುವಾಗ ಟೀಚರ್ ಹತ್ರ ಮುಚ್ಚಿಡಬೇಡಿ.

ಮತ್ತೆ ಬ್ಯಾಗಿಗೆ ಗಟ್ಟಿ ಪ್ಲಾಸ್ಟಿಕ್ ಕವರ್ ತನ್ನಿ, ಜೂನಲ್ಲಿ ನೆನೆದ ಪುಸ್ತಕ ಇಲ್ಲಿ ಬೇಗ ಒಣಗಲ್ಲ. ಅಡಿಕೆ ಹಾಳೆ ನಮ್ಮನೇಲಿದೆ, ಎಷ್ಟು ಬೇಕೋ ಅಷ್ಟು ಅಕ್ಷರ ಕೊರೆದು ಕೊಡ್ತೀನಿ.